ದಿಶಾಂಕ್: ಹೊಲದ ಹದ್ದು ಬಲ್ಲದು, ನೀರಿನ ದಾರಿ ಅರಿಯದು

ಹೊಲದಲ್ಲಿ ನಿಂತು ಮೊಬೈಲ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ಹೇಳುವ ಆ್ಯಪ್ ದಿಶಾಂಕ್. ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ನಮ್ಮ ರೈತರ ಕೈಗೆ ಬಂದದ್ದು ಹೆಚ್ಚಾಗಿ ಇದೇ ರೂಪದಲ್ಲಿ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಹಳೆಯ ಗ್ರಾಮ ನಕ್ಷೆಗಳನ್ನು ಗಣಕೀಕರಿಸಿ, ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸಿ, ರಾಜ್ಯದ ಭೂದಾಖಲೆ ವ್ಯವಸ್ಥೆ ‘ಭೂಮಿ’ಯ ಪಹಣಿಗೆ ಜೋಡಿಸಿತು. ಗೆರೆಯ ಹಿಂದೆ ಹೀಗೆ ಮಾಹಿತಿ ಕೂತಾಗಲೇ ನಕ್ಷೆ ಜಿಐಎಸ್ ಆಗುತ್ತದೆ.

ದಿಶಾಂಕ್‌ನ ಜಾಣತನ ಇರುವುದು ಸರ್ವೆ ನಂಬರನ್ನು ಕೀಲಿಕೈ ಮಾಡಿಕೊಂಡದ್ದರಲ್ಲಿ. ಅದು ರೈತನಿಗೂ ತಹಶೀಲ್ದಾರ್ ಕಚೇರಿಗೂ ಗೊತ್ತಿರುವ ಗುರುತು. ಜಮೀನು ಕೊಳ್ಳುವವರು ಮಧ್ಯವರ್ತಿ ತೋರಿಸಿದ ಜಾಗ ಪಹಣಿಯಲ್ಲಿರುವುದೇ ಹೌದೋ ಎಂದು ನಿಂತಲ್ಲೇ ನೋಡಿಕೊಳ್ಳಬಹುದು.

ಆದರೆ ಬಾಂದು ಕಲ್ಲಿನ ಜಗಳವನ್ನು ಇದರ ಮುಂದಿಟ್ಟರೆ ಕೆಟ್ಟೆವು. ಬಯಲಲ್ಲೂ ಮೊಬೈಲ್ ಜಿಪಿಎಸ್ ಐದು ಮೀಟರ್‌ನಷ್ಟು ತಪ್ಪಬಹುದು. 200 ಮೀಟರ್ ಉದ್ದದ ಬದುವಿನಲ್ಲಿ ಅಷ್ಟು ಸರಿದರೆ ಹತ್ತು ಗುಂಟೆ, ಅಂದರೆ ಕಾಲು ಎಕರೆ, ಅತ್ತಿತ್ತ ಆಗುತ್ತದೆ. ಹದ್ದುಬಸ್ತಿಗೆ ಇಂದಿಗೂ ಸರ್ವೆಯರೇ ಬರಬೇಕು.

ಇದಕ್ಕಿಂತ ದೊಡ್ಡ ಕೊರತೆ ದಿಶಾಂಕ್ ಕೇಳುವ ಪ್ರಶ್ನೆಯಲ್ಲಿದೆ. 1960ರ ದಶಕದಲ್ಲಿ ಕೆನಡಾದಲ್ಲಿ ರೋಜರ್ ಟಾಮ್ಲಿನ್ಸನ್ ಜಿಐಎಸ್ ಕಟ್ಟಿದ್ದು ಯಾವ ನೆಲ ಯಾವುದಕ್ಕೆ ಯೋಗ್ಯ ಎಂದು ತಿಳಿಯಲು. ನಮ್ಮಲ್ಲಿ ಅದು ‘ನೆಲ ಯಾರದು’ ಎಂಬಲ್ಲಿಗೇ ನಿಂತಿದೆ. ಎರಡು ನದಿಗಳ ನಡುವಿನ ರಾಯಚೂರಿಗೆ ಅಷ್ಟು ಸಾಲದು. ಇಲ್ಲಿಯ ಪ್ರಶ್ನೆ ನೀರಿನದು.

ಮಾನ್ವಿಯನ್ನೇ ನೋಡಿ. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಮಿತನೀರಾವರಿ ಬೆಳೆಗೆಂದು ಗುರುತಿಸಿದ ಜಮೀನಿಗೂ ಭತ್ತ ಬಂತು, ಅನಧಿಕೃತ ನೀರಾವರಿ ಬೆಳೆಯಿತು, ಕೊನೆ ಭಾಗದ ಮಾನ್ವಿಯ ಹೊಲ ಒಣಗಿತು. ನಾಲೆಯ ಮೈಲ್ 69, ಮೈಲ್ 104ರಲ್ಲಿ ಗೇಜ್ (ನೀರಿನ ಮಟ್ಟ) ಕಾಪಾಡಿ ಎಂದು ರೈತರು ರಸ್ತೆಗಿಳಿಯುತ್ತಾರೆ. ಭತ್ತದ ಗದ್ದೆ ಉಪಗ್ರಹದ ಕಣ್ಣಿಗೆ ಬೀಳುತ್ತದೆ; ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರ್‌ವಾರು ಫೋಟೊ ಸೇರುತ್ತದೆ. ಅವುಗಳ ಮೇಲೆ ಅಚ್ಚುಕಟ್ಟಿನ ನಕ್ಷೆ ಹೊದಿಸಿದರೆ ನೀರು ಎಲ್ಲಿ ತಿರುಗಿತೆಂಬುದು ವಾದದ ಮಾತಾಗಿ ಉಳಿಯದು.

ದೇವದುರ್ಗದಲ್ಲಿ ಸಂಕಟ ತದ್ವಿರುದ್ಧ. ನಾರಾಯಣಪುರ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ಹೂವಿನಹೆಡಗಿ ಸೇತುವೆ ಮುಳುಗುತ್ತದೆ. ಎಚ್ಚರಿಕೆ ಕ್ಯೂಸೆಕ್ ಲೆಕ್ಕದಲ್ಲಿ ಬರುತ್ತದೆ. ದಂಡೆಯ ರೈತನಿಗೆ ಬೇಕಾದದ್ದು ಇಷ್ಟು ಕ್ಯೂಸೆಕ್ ಬಂದರೆ ಯಾವ ಸರ್ವೆ ನಂಬರ್ ಮುಳುಗುತ್ತದೆ ಎಂಬ ಉತ್ತರ. ನೆಲದ ಏರುತಗ್ಗಿನ ಪದರ ಸೇರಿದರೆ ಅದನ್ನು ಅಂದಾಜಿಸಬಹುದು.

ರಾಯಚೂರು ನಗರದಲ್ಲಿ 2022ರಲ್ಲಿ ಕಲುಷಿತ ಕುಡಿಯುವ ನೀರು ಜೀವ ತೆಗೆಯಿತು. 1854ರಲ್ಲೇ ಲಂಡನ್‌ನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವು ಒಂದು ಬೀದಿ ಪಂಪಿನ ಸುತ್ತ ಸೇರಿದ್ದನ್ನು ತೋರಿಸಿದ್ದ. ಪೈಪ್, ಚರಂಡಿ, ರೋಗಿಗಳ ವಾರ್ಡು, ಈ ಮೂರನ್ನೂ ಒಂದೇ ನಕ್ಷೆಯಲ್ಲಿಡುವುದು ಅದೇ ಹಳೆಯ ವಿದ್ಯೆ.

ಹಾಗಾಗಿ ದಿಶಾಂಕ್ ಒಳ್ಳೆಯ ಅಡಿಪಾಯ, ಅರ್ಧ ಕಟ್ಟಡ. ಅನಧಿಕೃತ ನೀರಾವರಿಯ ನಕ್ಷೆ ಬಲಾಢ್ಯರ ಹೊಲಗಳನ್ನೂ ತೋರಿಸುತ್ತದಾದ್ದರಿಂದ ಉಳಿದರ್ಧಕ್ಕೆ ತಂತ್ರಜ್ಞಾನಕ್ಕಿಂತ ಮನಸ್ಸು ಬೇಕು. ಹೊಲದ ಮಾಲೀಕನ ಹೆಸರನ್ನು ಎಲ್ಲರಿಗೂ ತೋರಿಸಬಹುದಾದರೆ, ಆ ಹೊಲಕ್ಕೆ ಹರಿದ ನಾಲೆ ನೀರಿನ ಲೆಕ್ಕವನ್ನೂ ತೋರಿಸಬೇಕು.