ಕಣ್ಗುರಿ ಕದಲದ ಪಿಸ್ತೂಲು

ಬಿಡುವಿನ ಗುರಿಯಾಟಕ್ಕೆ ನೆಚ್ಚಬಹುದಾದ .22 ಪಿಸ್ತೂಲು ಯಾವುದೆಂದರೆ ನಾನು ಮೊದಲು ಹೇಳುವ ಹೆಸರು ರೂಗರ್ ಸ್ಟ್ಯಾಂಡರ್ಡ್. ಬಿಲ್ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ 1949ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಿಂದ ಅದನ್ನು ಮಾರುಕಟ್ಟೆಗೆ ತಂದರು. ಆಗಿನ ಬೆಲೆ 37.50 ಡಾಲರ್. ಅಗ್ಗವಾದದ್ದು ಜಾಣ್ಮೆಯಿಂದ: ಹಿಡಿಯ ಚೌಕಟ್ಟನ್ನು ಉಕ್ಕಿನ ಗಟ್ಟಿಯಿಂದ ಕೊರೆಯದೆ, ತಗಡನ್ನು ಅಚ್ಚಿನಲ್ಲಿ ಒತ್ತಿ ಎರಡು ಹೋಳು ಮಾಡಿ ಬೆಸೆದರು. ಆ ಬೆಸುಗೆಯ ಗೆರೆ ಹುಡುಕಿದರೂ ಸುಲಭಕ್ಕೆ ಕಾಣದು.

ನಾನು ಮನಸೋತದ್ದು ಒಳಗಿನ ಬೋಲ್ಟ್‌ಗೆ. ಬಹುಪಾಲು ಪಿಸ್ತೂಲುಗಳಲ್ಲಿ ಗುಂಡು ಹಾರಿದಾಗ ಮೇಲಿನ ಇಡೀ ಸ್ಲೈಡ್ ಹಿಂದೆ ಸರಿಯುತ್ತದೆ, ಅದರ ಮೇಲಿನ ಕಣ್ಗುರಿಯೂ ಜೊತೆಗೆ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಉರುಟು ಬೋಲ್ಟ್ ನಳಿಕೆಯ ಹಿಂದಿನ ಕೊಳವೆಯೊಳಗೇ ಸೈಕಲ್ ಪಂಪಿನ ದಂಡದಂತೆ ಹಿಂದೆ ಮುಂದೆ ಓಡುತ್ತದೆ. ನಳಿಕೆ, ಕೊಳವೆ, ಎರಡೂ ಕಣ್ಗುರಿಗಳು ಇದ್ದಲ್ಲೇ ಇರುತ್ತವೆ. ಒಂಬತ್ತು ಗುಂಡು ಮುಗಿಯುವವರೆಗೂ ಅವುಗಳ ಹೊಂದಿಕೆ ತಪ್ಪುವುದಿಲ್ಲ. ಬೋಲ್ಟನ್ನು ಎಳೆಯಲು ಹಿಂಬದಿಯಲ್ಲಿ ಎರಡು ಪುಟ್ಟ ಕಿವಿಗಳು, ಬೆರಳಿಗೆ ಜಾರದಂತೆ ಗೀರು ಹಾಕಿದವು. ಜರ್ಮನಿಯ ಲೂಗರ್ ಅನ್ನು ನೆನಪಿಸುವ ಓರೆ ಹಿಡಿ ಅಂಗೈಗೆ ಎಷ್ಟು ಹಿತ!

ಹಿಡಿಯ ಮೇಲಿನ ಹದ್ದಿನ ಲಾಂಛನ ಸ್ಟರ್ಮ್ ಅವರ ಕಲ್ಪನೆ. 1951ರಲ್ಲಿ ಅವರು ತೀರಿಕೊಂಡ ಮೇಲೆ ಅದರ ಕೆಂಪು ಬಣ್ಣವನ್ನು ಕಪ್ಪಾಗಿಸಿದರು.

ಹಳೆಯದನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸುವುದಕ್ಕೆ ತಾಳ್ಮೆ ಬೇಕು. ಇದೇ ಸಾಲಿನ 2016ರ ಮಾರ್ಕ್ 4ರಲ್ಲಾದರೆ ಹಿಂಬದಿಯ ಒಂದು ಗುಂಡಿ ಒತ್ತಿದರೆ ಸಾಕು, ಮೇಲ್ಭಾಗ ತಾನೇ ಮುಂದಕ್ಕೆ ಬಾಗಿ ಬಿಡಿಸಿಕೊಳ್ಳುತ್ತದೆ. ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ.