ಕಟ್ಟಡದ ನಡತೆಗೂ ವಿಮರ್ಶೆ ಬೇಕು

ಚಿತ್ತಾಲ, ಬಲ್ಲಾಳರಿಂದ ಹಿಡಿದು ಜಯಂತ ಕಾಯ್ಕಿಣಿಯವರ ತನಕ ಮುಂಬಯಿಯ ಕನ್ನಡ ಕಥೆಗಳಲ್ಲಿ ಖೋಲಿ, ಚಾಳು, ಫ್ಲ್ಯಾಟುಗಳು ಧಾರಾಳವಾಗಿವೆ. ಆ ಗೋಡೆಗಳ ನಡುವಿನ ಮನುಷ್ಯರ ಬಗ್ಗೆ ನಾವು ಪುಟಗಟ್ಟಲೆ ವಿಮರ್ಶೆ ಬರೆದಿದ್ದೇವೆ. ಗೋಡೆಗಳ ಬಗ್ಗೆ ಬರೆದದ್ದು ಕಡಿಮೆ. ಇಂಗ್ಲಿಷಿನಲ್ಲಿ ವಾಸ್ತುಶಿಲ್ಪದ ವಿಮರ್ಶೆ ಇದೆ ನಿಜ, ಆದರೆ ಅದು ಹೆಚ್ಚಾಗಿ ಗೃಹಪ್ರವೇಶಕ್ಕೆ ಮುಂಚಿನ ವಿಮರ್ಶೆ. ಬಣ್ಣ ಇನ್ನೂ ಹಸಿಯಿರುವಾಗ, ಒಳ್ಳೆಯ ಬೆಳಕಿನಲ್ಲಿ ತೆಗೆದ ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಕಟ್ಟಡ ಹೇಗೆ ಕಾಣುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಮೇ ತಿಂಗಳಲ್ಲಿ ಎಷ್ಟು ಕಾಯುತ್ತದೆ, ಆಷಾಢದಲ್ಲಿ ಎಲ್ಲಿ ಸೋರುತ್ತದೆ, ತಿಂಗಳಿಗೆ ಎಷ್ಟು ಕರೆಂಟು ತಿನ್ನುತ್ತದೆ ಎಂಬುದು ತಿಳಿಯುವುದಿಲ್ಲ. ಕಟ್ಟಡದ ಈ ನಡತೆಯೇ ವಾಸ್ತುಶಿಲ್ಪದ ಅರ್ಧಕ್ಕಿಂತ ಹೆಚ್ಚಿನ ಪಾಲು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ವಾಶಿಯ ಆಚೆ ಹೋಗಬೇಕಾಗಿಲ್ಲ.

ಖಾಡಿಯ ಈಚೆ ಹೊಸ ನಗರ ಕಟ್ಟುವ ಯೋಚನೆಯನ್ನು 1960ರ ದಶಕದ ನಡುವಿನಲ್ಲಿ ಮುಂದಿಟ್ಟವರು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್. 1970ರಲ್ಲಿ ಸಿಡ್ಕೋ ಹುಟ್ಟಿದಾಗ ಕೊರಿಯಾ ಅದರ ಮುಖ್ಯ ವಾಸ್ತುಶಿಲ್ಪಿಯಾದರು. ಕಟ್ಟಡದ ರೂಪ ಹವಾಮಾನದಿಂದ ಹುಟ್ಟಬೇಕು ಎಂದು ಕೊನೆಯ ತನಕ ವಾದಿಸಿದವರು ಅವರು. ಮುಂಬಯಿಯ ತೊಡಕು ಅವರಿಗೆ ಚೆನ್ನಾಗಿ ಗೊತ್ತಿತ್ತು: ತಂಗಾಳಿ ಬರುವುದು ಪಡುವಣದಿಂದ, ಸಂಜೆಯ ಸುಡುಬಿಸಿಲು, ಮಳೆಯ ಇರಚಲು ಬರುವುದೂ ಅಲ್ಲಿಂದಲೇ. ಹಳೆಯ ಬಂಗಲೆಗಳು ಸುತ್ತ ವರಾಂಡ ಕಟ್ಟಿಕೊಂಡು ಇದನ್ನು ನಿಭಾಯಿಸಿದವು. 1983ರ ಕಾಂಚನಜುಂಗಾ ಗೋಪುರದಲ್ಲಿ ಕೊರಿಯಾ ಅದೇ ವರಾಂಡವನ್ನು ಎರಡು ಮಹಡಿ ಎತ್ತರದ ತೋಟವಾಗಿಸಿ ಆಕಾಶಕ್ಕೇರಿಸಿದರು. ಅದು 32 ಶ್ರೀಮಂತ ಮನೆಗಳ ಮಾತು. ವಾಶಿಯಲ್ಲಿ ಸಾಮಾನ್ಯರಿಗೆ ಸಿಕ್ಕಿದ್ದು ಬೇರೆ.

9 ಮತ್ತು 10ನೇ ಸೆಕ್ಟರ್‌ಗಳಲ್ಲಿ ಸಿಡ್ಕೋ ಕಟ್ಟಿಸಿದ ಜೆಎನ್ ಮಾದರಿಯ ಕಟ್ಟಡಗಳ ಹೆಸರು ಪೇಪರಿನಲ್ಲಿ ಬರುವುದು ಚಾವಣಿಯ ಪ್ಲಾಸ್ಟರ್ ಕಳಚಿ ಬಿದ್ದಾಗ, ಇಲ್ಲವೇ ಮಳೆಗಾಲಕ್ಕೆ ಮುಂಚೆ ಪಾಲಿಕೆ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸಿದಾಗ. ಕಾರಣ ನಿಗೂಢವೇನಲ್ಲ. ಖಾಡಿಯ ಕಡೆಯ ಉಪ್ಪುಗಾಳಿ, ಸೋರುವ ನೀರು ಎರಡೂ ಕಾಂಕ್ರೀಟಿನ ಒಳಹೊಕ್ಕು ಕಬ್ಬಿಣದ ಸರಳನ್ನು ಮುಟ್ಟುತ್ತವೆ. ತುಕ್ಕು ಹಿಡಿದ ಕಬ್ಬಿಣ ಊದಿ, ಮೊದಲಿನ ಎರಡು ಪಟ್ಟಿಗೂ ಮಿಕ್ಕಿ ಜಾಗ ಕೇಳುತ್ತದೆ. ಮೇಲಿನ ಕಾಂಕ್ರೀಟನ್ನು ಸೀಳಿ ಹೊರದೂಡುತ್ತದೆ. ಸರಳಿನ ಮೇಲಿನ ಹೊದಿಕೆಯಲ್ಲಿ ಕೆಲವೇ ಮಿಲಿಮೀಟರ್ ಕಡಿಮೆಯಾದರೂ ಕಟ್ಟಡದ ಆಯುಷ್ಯದಲ್ಲಿ ವರ್ಷಗಳು ಕಡಿಮೆಯಾಗುತ್ತವೆ. ಆ ಮಿಲಿಮೀಟರುಗಳು ಯಾವ ಫೋಟೊದಲ್ಲೂ ಕಾಣುವುದಿಲ್ಲ.

ಅಲ್ಲಿ ವಾಸಿಸಿದವರು ತಮ್ಮ ವಿಮರ್ಶೆಯನ್ನು ಬರೆಯಲಿಲ್ಲ, ಕಟ್ಟಿದರು. ಹಳೆಯ ಸೊಸೈಟಿಗಳ ಟೆರೇಸನ್ನು ಒಮ್ಮೆ ನೋಡಿ: ಸಪಾಟು ಸ್ಲ್ಯಾಬಿನ ಮೇಲೆ ಕಬ್ಬಿಣದ ಕಾಲು ನೆಟ್ಟು ಇಳಿಜಾರಾಗಿ ಹೊದಿಸಿದ ಪತ್ರಾ. ಕರಾವಳಿಯ ಹಂಚಿನ ಮನೆ ಬಿಟ್ಟು ಬಂದವರಿಗೆ ಇದು ಏನೆಂದು ಹೇಳಬೇಕಾಗಿಲ್ಲ. ಇಷ್ಟು ಸುರಿಯುವ ಊರಿನಲ್ಲಿ ನೀರು ನಿಲ್ಲಬಾರದು, ಹರಿಯಬೇಕು. ಮಾಡು ಗೋಡೆಗಿಂತ ಮುಂದೆ ಚಾಚಿಕೊಂಡಿರಬೇಕು. ನಕ್ಷೆ ಮರೆತ ಮಾಡನ್ನು ಸೊಸೈಟಿಯವರು ವರ್ಗಣಿ ಎತ್ತಿ ಹಾಕಿಸಿಕೊಂಡಿದ್ದಾರೆ. ನಗರದ ಅಂದ ಕೆಡಿಸುವ ಶೆಡ್ಡುಗಳು ಎಂದು ಅದನ್ನು ಹೀಗಳೆಯುವವರಿದ್ದಾರೆ. ನನಗೆ ಅದು ವಾಶಿಯ ವಾಸ್ತುಶಿಲ್ಪದ ಅತ್ಯಂತ ಪ್ರಾಮಾಣಿಕ ಭಾಗವಾಗಿ ಕಾಣುತ್ತದೆ.

ಇದೇ ಕೋಲಿನಿಂದ ಬೇಲಾಪುರದ ಆರ್ಟಿಸ್ಟ್ಸ್ ವಿಲೇಜನ್ನೂ ಅಳೆಯಬೇಕು. 1980ರ ದಶಕದಲ್ಲಿ ಕೊರಿಯಾ ಪಾರ್ಸಿಕ್ ಗುಡ್ಡದ ಬುಡದಲ್ಲಿ ಏಳೇಳು ಮನೆಗಳನ್ನು ಒಂದೊಂದು ಅಂಗಳದ ಸುತ್ತ ಕೂರಿಸಿದರು. ಅಕ್ಕಪಕ್ಕದ ಮನೆಗಳಿಗೆ ಜಂಟಿ ಗೋಡೆಯಿಲ್ಲ. ಬೇಕಾದವರು ಬೇಕಾದಾಗ ಬೆಳೆಸಿಕೊಳ್ಳಲಿ ಎಂಬ ಲೆಕ್ಕ. ಹಂಚಿನ ಮಾಡಿನ ಆ ಪುಟ್ಟ ಮನೆಗಳಲ್ಲಿ ಬಹಳಷ್ಟನ್ನು ಕೆಡವಿ ಜನ ಕಾಂಕ್ರೀಟಿನ ಮಹಡಿಗಳನ್ನು ಎಬ್ಬಿಸಿದ್ದಾರೆ. ಅಭಿಮಾನಿಗಳು ಇದನ್ನು ಕಂಡು ಮರುಗುತ್ತಾರೆ. ಆದರೆ ಅಂಗಳಗಳು ಉಳಿದಿವೆ. ಮನೆಗಳು ಬದುಕಿಗೆ ಸಾಲಲಿಲ್ಲ, ಅವುಗಳ ಜೋಡಣೆ ಸಾಲಿತು. ನಕ್ಷೆಯನ್ನೇ ನೋಡುತ್ತ ಕೂತವರಿಗೆ ಈ ವ್ಯತ್ಯಾಸ ತಿಳಿಯುವ ದಾರಿಯಿಲ್ಲ.

ಬ್ರಿಟನ್ನಿನಲ್ಲಿ 1995ರಿಂದ ಕೆಲವು ವರ್ಷ 'ಪ್ರೋಬ್' ಎಂಬ ಹೆಸರಿನಲ್ಲಿ ಇಂಥ ವಿಮರ್ಶೆ ಪತ್ರಿಕೆಯೊಂದರಲ್ಲಿ ನಡೆಯಿತು. ಹೊಗಳಿಸಿಕೊಂಡ ಕಟ್ಟಡಗಳಿಗೆ ಜನ ಬಂದು ನೆಲೆಸಿದ ಮೇಲೆ ಮರಳಿ ಹೋಗಿ, ಮೀಟರು ನೋಡಿ, ಇರುವವರನ್ನು ಕೇಳಿ, ಹೆಸರು ಹಿಡಿದೇ ಬರೆದರು. ವಿನ್ಯಾಸದ ಹೊತ್ತಿನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ವಿದ್ಯುತ್ ಖರ್ಚಾಗುತ್ತಿರುವುದು ಮತ್ತೆ ಮತ್ತೆ ಹೊರಬಿತ್ತು. ಕವನ ಸಂಕಲನಕ್ಕೆ ಮರುಓದು ಇರುವ ಹಾಗೆ ಕಟ್ಟಡಕ್ಕೂ ಇರಲಿ ಎಂಬುದು ಅತಿಯಾಸೆಯೇನಲ್ಲ.

ಇದೆಲ್ಲ ಈಗ ಏಕೆಂದರೆ, ವಾಶಿ ಮತ್ತೊಮ್ಮೆ ಕಟ್ಟಿಸಿಕೊಳ್ಳುತ್ತಿದೆ. ಸಿಡ್ಕೋದ ಶಿಥಿಲ ಕಟ್ಟಡಗಳಿಗೆ 2.5 ಎಫ್‌ಎಸ್‌ಐ ಸಿಕ್ಕಿದ ಮೇಲೆ ರಿಡೆವಲಪ್‌ಮೆಂಟ್ ಮೀಟಿಂಗುಗಳದ್ದೇ ಕಾಲ. ಅಲ್ಲಿ ಕೇಳಿಬರುವ ಪ್ರಶ್ನೆಗಳು ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚು, ಕಾರ್ಪಸ್ ಎಷ್ಟು, ಬಾಡಿಗೆ ಎಷ್ಟು ಎಂಬವು. ಪಡುವಣ ಗೋಡೆಗೆ ನೆರಳಿದೆಯೇ, ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುತ್ತದೆಯೇ ಎಂದು ಕೇಳುವವರು ಅಪರೂಪ. ಕೇಂದ್ರ ಸರಕಾರದ 2018ರ ಇಕೋ ನಿವಾಸ್ ಸಂಹಿತೆ ನಮ್ಮಂಥ ಸೆಕೆಯ ಕರಾವಳಿಗೆ, ಮನೆಯ ನೆಲದ ಸುಮಾರು ಆರನೇ ಒಂದು ಪಾಲಿನಷ್ಟು ತೆರೆಯಬಲ್ಲ ಕಿಟಕಿ ಬೇಕೆನ್ನುತ್ತದೆ. ಬ್ರೋಷರಿನ ದೊಡ್ಡ ಗಾಜಿನ ಕಿಟಕಿ ಎರಡು ಬಾಗಿಲಿನ ಸ್ಲೈಡಿಂಗ್ ಆದರೆ ಅದರಲ್ಲಿ ಅರ್ಧವಷ್ಟೇ ತೆರೆಯುತ್ತದೆ. ಉಳಿದರ್ಧ ಬಿಸಿಲಿಗೆ ಮಾತ್ರ ದಾರಿ ಬಿಡುತ್ತದೆ, ಆಮೇಲೆ ಏಸಿ ಬೇಕಾಗುತ್ತದೆ.

ಹಳೆಯ ಗಿಡ್ಡ ಕಟ್ಟಡಗಳಿಗೆ ಲಿಫ್ಟಿರಲಿಲ್ಲ. ಸೊಸೈಟಿಯ ಕರೆಂಟು ಬಿಲ್ಲೆಂದರೆ ಒಂದು ಪಂಪು, ಮೆಟ್ಟಿಲಿನ ನಾಲ್ಕು ದೀಪ. ಗೋಪುರಕ್ಕೆ ಹಲವು ಲಿಫ್ಟು, ಬೆಂಕಿ ಆರಿಸುವ ಪಂಪು, ಪೋಡಿಯಂ ಪಾರ್ಕಿಂಗಿನ ಫ್ಯಾನು, ಹಗಲೂ ದೀಪ ಬೇಕಾಗುವ ಲಾಬಿ. ಇವೆಲ್ಲದರ ಖರ್ಚು ಮೆಂಟೆನೆನ್ಸ್ ಬಿಲ್ಲಾಗಿ ತಿಂಗಳು ತಿಂಗಳು ಬರುತ್ತದೆ, ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ದುಡಿದು ನಿವೃತ್ತರಾದವರಿಗೂ. ಹೊಸ ಮನೆಯ ಬೀಗದ ಕೈ ಪಡೆದ ಮೇಲೆ ಆ ಬಿಲ್ಲು ಕಟ್ಟಲಾಗದೆ ಅದನ್ನೇ ಮಾರಿ ಕಲ್ಯಾಣದ ಆಚೆಗೋ ಊರಿಗೋ ಹೊರಡುವ ಪರಿಸ್ಥಿತಿ ಬರಬಹುದು. ಸಹಿ ಹಾಕುವ ಮೊದಲೇ ಬಿಲ್ಡರನ ಆರ್ಕಿಟೆಕ್ಟನ್ನು ಮೀಟಿಂಗಿಗೆ ಕರೆಸಿ, ಒಂದು ಮನೆಗೆ ತಿಂಗಳ ಸಾಮೂಹಿಕ ವಿದ್ಯುತ್ ಎಷ್ಟು ಯೂನಿಟ್ ಬೀಳುತ್ತದೆ ಎಂದು ಬರೆದುಕೊಡಲು ಹೇಳಬಹುದು. ಎರಡು ಮಳೆಗಾಲ ಕಳೆದ ಮೇಲೆ ಆ ಕಾಗದವನ್ನೂ ಮೀಟರನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು.