ಲೇಖನಿ ಬಿದ್ದ ಮೇಲೆ

ವಿಮರ್ಶಕನೆಂದರೆ ಪರರ ಸುಖಕ್ಕೆ ಕರುಬುವ, ಮುಖ ಗಂಟಿಕ್ಕಿದ ಮನುಷ್ಯನೆಂದು ಜನರ ಭಾವನೆ. ಬ್ರಾಡ್ ಬರ್ಡ್ ನಿರ್ದೇಶಿಸಿದ, 2007ರಲ್ಲಿ ತೆರೆಕಂಡ ‘ರಟಟೂಯಿ’ ಎಂಬ ಅನಿಮೇಷನ್ ಚಿತ್ರವೂ ಹೊರಡುವುದು ಈ ಭಾವನೆಯಿಂದಲೇ. ಪ್ಯಾರಿಸ್ಸಿನ ಹೋಟೆಲುಗಳ ಅಡಿಗೆಯನ್ನು ವಿಮರ್ಶಿಸುವ ಆಂಟನ್ ಈಗೊನಿಗೆ ಅಹಂಕಾರವೇ ಹೆಸರು. ಬಡಕಲು ದೇಹ, ಬಿಳಿಚಿದ ಮುಖ, ಶವಪೆಟ್ಟಿಗೆಯಾಕಾರದ ಕೋಣೆ. ಅವನ ಒಂದು ಲೇಖನದಿಂದ ಬಾಣಸಿಗ ಗುಸ್ತೋವಿನ ಹೋಟೆಲು ಐದು ನಕ್ಷತ್ರಗಳಲ್ಲೊಂದನ್ನು ಕಳೆದುಕೊಳ್ಳುತ್ತದೆ. ಗುಸ್ತೋ ಕೊರಗಿ ಸಾಯುತ್ತಾನೆ.

ಮುಂದೆ ಅದೇ ಹೋಟೆಲಿನಲ್ಲಿ, ರೆಮಿ ಎಂಬ ಇಲಿ ಮಾಡಿದ ಬದನೆ, ಟೊಮ್ಯಾಟೊಗಳ ಬಡವರ ಖಾದ್ಯವನ್ನು ಬಾಯಿಗಿಟ್ಟೊಡನೆ ಈಗೊನಿಗೆ ಬಾಲ್ಯದಲ್ಲಿ ತಾಯಿ ಬಡಿಸಿದ್ದು ನೆನಪಾಗುತ್ತದೆ. ಕೈಯ ಲೇಖನಿ ಜಾರಿ ಬೀಳುತ್ತದೆ. ಕಲ್ಲು ಕರಗಿತೆಂದು ಪ್ರೇಕ್ಷಕರಿಗೆ ಸಂತೋಷ. ಆದರೆ ತಾಯಿಯ ನೆನಪಿಗೆ ಕರಗಲು ವಿಮರ್ಶಕನೇ ಆಗಬೇಕೆ?

ವಿಮರ್ಶೆ ಹುಟ್ಟುವುದು ತಟ್ಟೆ ಬರಿದಾದ ಮೇಲೆ ಎಂದು ನನ್ನ ಅಭಿಪ್ರಾಯ. ಅಡಿಗೆ ಮಾಡಿದವರನ್ನು ಕಾಣಬೇಕೆಂದು ಅವನು ಗಿರಾಕಿಗಳೆಲ್ಲ ಹೋಗುವವರೆಗೆ ಕಾಯುತ್ತಾನೆ. ಇಲಿಯನ್ನು ಕಂಡು, ನಡೆದದ್ದನ್ನು ಕೇಳಿ, ಊಟಕ್ಕೆ ವಂದನೆ ಹೇಳಿ ಹೊರಡುತ್ತಾನೆ. ಬಳಿಕ ಬರೆದ ಲೇಖನದಲ್ಲಿ, ಯಾರು ಬೇಕಾದರೂ ಅಡಿಗೆ ಮಾಡಬಲ್ಲರೆಂಬ ಗುಸ್ತೋವಿನ ಮಾತನ್ನು ತಾನು ಹೀಗಳೆದಿದ್ದುದನ್ನು ಒಪ್ಪಿಕೊಳ್ಳುತ್ತಾನೆ. ಎಲ್ಲರೂ ಮಹಾ ಕಲಾವಿದರೆಂದು ಅವನು ಹೇಳುವುದಿಲ್ಲ; ಮಹಾ ಕಲಾವಿದ ಎಲ್ಲಿಂದಲಾದರೂ ಬರಬಹುದೆನ್ನುತ್ತಾನೆ, ಅಷ್ಟೆ. ಅಳತೆಗೋಲು ಕುಗ್ಗಲಿಲ್ಲ, ದೃಷ್ಟಿ ವಿಶಾಲವಾಯಿತು.

ರಸಾನುಭವವನ್ನು ವಿವರಿಸಲು ಭರತಮುನಿಯೂ ಊಟದ ಉಪಮಾನವನ್ನೇ ಬಳಸಿದ್ದಾನೆ: ವ್ಯಂಜನಗಳಿಂದ ಕೂಡಿದ ಅನ್ನವನ್ನು ಸುಮನಸ್ಕರು ಸವಿಯುವಂತೆ ಪ್ರೇಕ್ಷಕರು ಭಾವಗಳನ್ನು ಸವಿಯುತ್ತಾರೆ. ಸುಮನಸ್ಕನೆಂದರೆ ಬಡಿಸಿದ್ದನ್ನೆಲ್ಲ ಹೊಗಳುವವನಲ್ಲ. ಸವಿಯಲು ಮನಸ್ಸನ್ನು ಅಣಿಮಾಡಿಕೊಂಡವನು. ಈಗೊನ ಕಾಠಿಣ್ಯದ ಅಡಿಯಲ್ಲಿಯೂ ಅನ್ನದ ಪ್ರೀತಿಯಿತ್ತು. ಇರದಿದ್ದರೆ ಆ ತುತ್ತು ಅವನಿಗೆ ದಕ್ಕುತ್ತಿರಲಿಲ್ಲ.

ಚಿತ್ರದ ಕೊನೆಯಲ್ಲಿ ಮಾತ್ರ ನನಗೊಂದು ಆಕ್ಷೇಪವಿದೆ. ಇಲಿಗಳಿದ್ದ ಹೋಟೆಲು ಮುಚ್ಚುತ್ತದೆ, ಈಗೊ ಕೆಲಸವನ್ನೂ ಮಾನ್ಯತೆಯನ್ನೂ ಕಳೆದುಕೊಳ್ಳುತ್ತಾನೆ. ರೆಮಿ ಅಡಿಗೆ ಮಾಡುವ ಪುಟ್ಟ ಹೋಟೆಲಿಗೆ ಹಣ ಹೂಡಿ, ಅಲ್ಲಿ ಉಂಡು ನಗುತ್ತಾನೆ. ಅಂದರೆ ವಿಮರ್ಶಕ ಸುಖಿಯಾಗಬೇಕಾದರೆ ವಿಮರ್ಶೆಯನ್ನು ಬಿಡಬೇಕೆ? ನಿಜವನ್ನು ಬರೆದ ಮೇಲೂ ಅವನು ಲೇಖನಿ ಹಿಡಿದಿರಬೇಕಾಗಿತ್ತು. ನಾಳೆ ಇನ್ನೊಬ್ಬ ಅಜ್ಞಾತನ ಅಡಿಗೆ ಬಂದಾಗ ಅದನ್ನು ಗುರುತಿಸುವವರು ಬೇಡವೆ?